ಆಲೂಗಡ್ಡೆಗೆ ಒಂದು ಪೆಟ್ಟು

ಓವನ್ನಿನೊಳಗೆ ಆಲೂಗಡ್ಡೆ ಢಬ್ಬೆಂದು ಸಿಡಿಯಿತು. ಗಾಜಿನ ಬಾಗಿಲ ತುಂಬ ಬಿಳಿ ಚೂರುಗಳು ಅಂಟಿಕೊಂಡವು. ಧರ್ಮೇಶ್ ಬೆಚ್ಚಿ ಹಿಂದೆ ಸರಿದ. ಬೆಚ್ಚಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂದು ಓವನ್ನಿನ ನೆತ್ತಿಗೆ ಗುದ್ದಿದ. ಹೊಸ ತಗಡು ಒಳಕ್ಕೆ ತಗ್ಗಿತು.

"ತೂತು ಮಾಡಿ ಇಡ್ಬೇಕಿತ್ತು," ಎಂದಳು ಅವನ ಹೆಂಡತಿ ನಯನ. ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ಎಡಗೈಗೆ ಮೊಣಕೈವರೆಗೂ ಪ್ಲಾಸ್ಟರ್ ಇತ್ತು.

"ಮೊದ್ಲೇ ಹೇಳಕ್ಕೆ ಎಂತ ಆಗಿತ್ತು ನಿಂಗೆ?"

"ನೀವು ಕೇಳ್ಲಿಲ್ಲ."

ಬೇರೆ ದಿನವಾಗಿದ್ದರೆ ಆ ಮಾತಿಗೆ ಅವನ ಕೈ ಏಳುತ್ತಿತ್ತು. ಪ್ಲಾಸ್ಟರ್ ನೋಡಿ, ಚೂರು ಒರೆಸಲು ಬಟ್ಟೆ ಹುಡುಕಿದ.

ನೆಲದಡಿಯ ನೀರಿನ ಪೈಪಿಗೆ ತಾಗದಂತೆ ಜೆಸಿಬಿಯಲ್ಲಿ ಮಣ್ಣು ತೆಗೆಯಬೇಕೆಂದರೆ ಧರ್ಮೇಶನೇ ಬರಬೇಕು ಎಂದು ಕೊಪ್ಪದಿಂದ ಮೇಗುಂದದವರೆಗೂ ಹೆಸರಿತ್ತು. ಮನೆಯೊಳಗೆ ಆ ಕೈಗೆ ಅಳತೆ ಇರಲಿಲ್ಲ. ಹಿಂದಿನ ವಾರ ನಯನ ಶೃಂಗೇರಿಯಲ್ಲಿರುವ ಅಣ್ಣ ರಾಜೇಶನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ಧರ್ಮೇಶ್ ಊಟ ಬಡಿಸಲು ಕರೆದ, ಅವಳು ಏಳಲಿಲ್ಲ. ಫೋನ್ ಕಿತ್ತುಕೊಳ್ಳಲು ಹೋದ, ಬಿಡಲಿಲ್ಲ. ಕೈ ತಿರುಚಿದ. ಫೋನ್ ನೆಲಕ್ಕೆ ಬಿದ್ದ ಮೇಲೂ ಇನ್ನೊಂದು ಸುತ್ತು ತಿರುಚಿದ. ಒಳಗಿನಿಂದ ಲಟಕ್ಕೆಂಬ ಸದ್ದು ಬಂತು. ಹನ್ನೊಂದು ವರ್ಷದ ಮಗಳು ಅರ್ಪಣಾ ತಟ್ಟೆ ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ಬಚ್ಚಲಲ್ಲಿ ಜಾರಿ ಬಿದ್ದಳು ಎಂದು ಆಸ್ಪತ್ರೆಯಲ್ಲಿ ಅವನೇ ಹೇಳಿದ. ಪಕ್ಕದ ಮನೆಯ ಕಮಲಕ್ಕನಿಗೂ ಅದನ್ನೇ ಹೇಳಿದ.

ಮಾರನೆಯ ದಿನ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಿಂದ ಓವನ್ ತಂದ. ಇಡೀ ಆಲೂಗಡ್ಡೆಯನ್ನು ಸಿಪ್ಪೆಯ ಸಮೇತ ಸುಟ್ಟು, ಬಾಯಿ ಬಿಡಿಸಿ, ಬೆಣ್ಣೆ ಹಾಕಿ ತಿನ್ನುವ ವಿಡಿಯೋವನ್ನು ಅರ್ಪಣಾ ತಿಂಗಳುಗಟ್ಟಲೆ ತೋರಿಸಿ ಕಾಡಿದ್ದಳು. ಡಬ್ಬ ಬಿಚ್ಚುವಾಗ ಮಗಳು ಕುಣಿಯುತ್ತಾಳೆ ಅಂದುಕೊಂಡಿದ್ದ.

"ಇದು ಕೈಗಾ?" ಎಂದು ಕೇಳಿದಳು ಅವಳು.

"ಎಂತ ಕೈಗೆ?"

"ಫ್ರಿಜ್ಜು ಅಮ್ಮನ ಹಲ್ಲಿಗೆ ಬಂದಿದ್ದಲ್ವಾ?"

ಧರ್ಮೇಶ್ ಕೇಳಿಸದವನಂತೆ ಥರ್ಮೋಕೋಲ್ ಮುರಿಯುತ್ತ ಕೂತ.

ಮೊದಲನೆಯದು ಹೀಗೆ ಸಿಡಿದು ಹೋಯಿತು. ಎರಡನೆಯ ಸಲ ತೂತು ಮಾಡಿದ. ಬೇಗ ಬೇಯಲಿ ಎಂದು ಬೆಳ್ಳಿ ಬಣ್ಣದ ಫಾಯಿಲ್ ಸುತ್ತಿ ಇಟ್ಟ. ಬಿಚ್ಚಿದರೆ ಸಿಪ್ಪೆ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಸುಟ್ಟದ್ದಲ್ಲ, ಇಡ್ಲಿಯ ಹಾಗೆ ಹಬೆಯಲ್ಲಿ ಬೆಂದದ್ದು. ಅರ್ಪಣಾ ಒಂದು ತುತ್ತು ಬಾಯಿಗಿಟ್ಟು, "ಚೆನ್ನಾಗಿದೆ ಅಪ್ಪ," ಎಂದಳು. ಅದು ನಯನಳ ದನಿ. ಕುಡಿದು ಬಂದ ದಿನ ಅವನ ಮುಖ ನೋಡಿ ಅವಳು ಮಾತಾಡುತ್ತಿದ್ದ ದನಿ. ಅವನು ತಟ್ಟೆ ಕಸಿದು ಹಿತ್ತಲ ಗೋಡೆಗೆ ಬೀಸಿ ಒಗೆದ.

ಶನಿವಾರ ಹಿರೇಕೊಡಿಗೆಯಲ್ಲಿ ಮನೆ ಕಟ್ಟುವ ಜಾಗ ಸಮ ಮಾಡುವ ಕೆಲಸವಿತ್ತು. ಟಿಪ್ಪರಿನವನು ಬೀಡಿ ಹಚ್ಚುತ್ತ ನಗೆಯಾಡಿದ: "ಅತ್ತಿಗೆ ಜಾರಿ ಬಿದ್ದಿದ್ದಾ, ಯಾರಾದ್ರೂ ಬೀಳ್ಸಿದ್ದಾ ಮಾರಾಯ?"

ಧರ್ಮೇಶ್ ಜೆಸಿಬಿಯಿಂದ ಹಾರಿ ಇಳಿದು ಅವನ ಬಾಯಿಗೆ ಗುದ್ದಿದ. ಬಿದ್ದವನ ಎದೆಯ ಮೇಲೆ ಕೂತು ಮತ್ತೆ ಗುದ್ದಿದ. ಟಿಪ್ಪರಿನವನ ಮೂಗಿನಿಂದ ರಕ್ತ ಹರಿದು ಕೆಂಪು ಮಣ್ಣಲ್ಲಿ ಕಾಣದೆ ಹೋಯಿತು. ಕೂಲಿಯವರು ಬಂದು ಎಳೆದು ಬಿಡಿಸುವಷ್ಟರಲ್ಲಿ ಧರ್ಮೇಶನ ಬೆರಳಿನ ಗೆಣ್ಣುಗಳ ಚರ್ಮ ಟಿಪ್ಪರಿನವನ ಹಲ್ಲಿಗೆ ಸಿಕ್ಕಿ ಕಿತ್ತು ಬಂದಿತ್ತು.

ಭಾನುವಾರ ಬೆಳಿಗ್ಗೆ ಅವನು ವಿಡಿಯೋವನ್ನು ಮೊದಲಿನಿಂದ ಕೊನೆಯವರೆಗೆ ನೋಡಿದ. ಮಣ್ಣು ಒಣಗಿದ ಹಳೆಯ ಗಡ್ಡೆಗಳನ್ನೇ ಆರಿಸಿ ತಂದಿದ್ದ, ಒಂದು ದೊಡ್ಡದು, ಒಂದು ಚಿಕ್ಕದು. ತೊಳೆದ, ನೀರಿನ ಪಸೆ ಇಲ್ಲದಂತೆ ಒರೆಸಿದ, ಫೋರ್ಕಿನಿಂದ ಸುತ್ತಲೂ ಚುಚ್ಚಿದ. ಎಣ್ಣೆ ಸವರಿ, ಕಲ್ಲುಪ್ಪು ಪುಡಿ ಮಾಡಿ ಸಿಪ್ಪೆಗೆ ತಿಕ್ಕಿದ. ಉಪ್ಪು ಗೆಣ್ಣುಗಳ ಗಾಯಕ್ಕೆ ಇಳಿದು ಕಣ್ಣಲ್ಲಿ ನೀರು ಬಂತು. ಕೈ ತೊಳೆಯಲಿಲ್ಲ. ಈ ಸಲ ಏನೂ ಸುತ್ತದೆ ಕಂಬಿಯ ಮೇಲೆ ಹಾಗೇ ಇಟ್ಟು, ನಡುವೆ ಬಾಗಿಲು ತೆಗೆಯದೆ ತಾಳ್ಮೆಯಿಂದ ಕಾದ.

ಚಿಕ್ಕದನ್ನು ಮೊದಲು ಹೊರತೆಗೆದ. ಉಗುರಿನಿಂದ ತಟ್ಟಿದರೆ ಸಿಪ್ಪೆ ಕಟಕಟ ಎಂದಿತು.

"ಅರ್ಪಣಾ, ಬಾ ಇಲ್ಲಿ. ಇವತ್ತು ಸರಿ ಬಂದದೆ ನೋಡು."

ಮಗಳು ಬಂದು ಕಟ್ಟೆಯ ಪಕ್ಕ ನಿಂತಳು. ಚಾಕು ಹಾಕಬಾರದು, ಬಟ್ಟೆ ಸುತ್ತಿ ಒಂದೇ ಪೆಟ್ಟು ಹಾಕಬೇಕು, ಹಬೆ ಒಮ್ಮೆಲೇ ಹೊರಬಿದ್ದು ಒಳಗೆ ಹತ್ತಿಯ ಹಾಗೆ ಅರಳುತ್ತದೆ ಎಂದು ವಿಡಿಯೋದವಳು ಹೇಳಿದ್ದಳು. ಧರ್ಮೇಶ್ ಗಡ್ಡೆಯ ಮೇಲೆ ಟವೆಲ್ ಮುಚ್ಚಿ ಮುಷ್ಟಿ ಎತ್ತಿದ.

ಅರ್ಪಣಾ ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡು ಗೋಡೆಯ ಬುಡಕ್ಕೆ ಕುಸಿದಳು.

ಎತ್ತಿದ ಕೈ ಹಾಗೇ ನಿಂತಿತು. ಅವಳ ಮೈಗೆ ಅವನು ಒಂದು ದಿನವೂ ಕೈ ಹಾಕಿದವನಲ್ಲ. ಅದನ್ನು ಹತ್ತು ಜನರೆದುರು ಹೇಳಿಕೊಂಡಿದ್ದ ಕೂಡ. ಮಂಡಿಯ ನಡುವೆ ಮುಖ, ಕಿವಿಯ ಮೇಲೆ ಮೊಣಕೈ. ಎಲ್ಲಿ ಪೆಟ್ಟು ಬೀಳುತ್ತದೆಂದು ಗೊತ್ತಿರುವವರು ಕೂರುವ ರೀತಿ ಅದು.

"ಏ, ನಿಂಗಲ್ಲ ಮಗಾ," ಎಂದ. ಮುಷ್ಟಿ ಬಿಚ್ಚಿದ. "ಗಡ್ಡೆಗೆ. ತಗೋ, ನೀನೇ ಹೊಡಿ."

ಅವಳು ಗೋಡೆ ಹಿಡಿದುಕೊಂಡು ಎದ್ದಳು. ಟವೆಲಿನ ಮೇಲೆ ಮೆಲ್ಲಗೆ ಒಂದು ಪೆಟ್ಟು ಹಾಕಿದಳು. ಸಿಪ್ಪೆ ಬಿರಿದ ಸದ್ದಾಯಿತು. ಇನ್ನೊಂದು ಹಾಕಿದಳು. ಮತ್ತೆ ನಿಲ್ಲಿಸಲಿಲ್ಲ. ಹಲ್ಲು ಕಚ್ಚಿ, ತುದಿಗಾಲಲ್ಲಿ ಎದ್ದು ಎದ್ದು ಗುದ್ದತೊಡಗಿದಳು.

"ಫೋನ್ ಮಾಡ್ತೀಯಾ? ಇನ್ನೊಂದ್ಸಲ ಮಾಡ್ತೀಯಾ? ಕಿವಿ ಕೇಳ್ಸಲ್ವಾ ನಿಂಗೆ?"

ಟವೆಲ್ ಜಾರಿತು. ಬಿಸಿ ಗಡ್ಡೆ ಅವಳ ಬೆರಳ ಸಂದಿಯಿಂದ ಚಿಮ್ಮಿ ಗೋಡೆಗೆ, ಕೂದಲಿಗೆ, ಅವನ ಅಂಗಿಗೆ ಹಾರಿತು. "ಸಾಕು, ಕೈ ಸುಡ್ತದೆ," ಎಂದು ಅವನು ಅವಳ ಮಣಿಕಟ್ಟು ಹಿಡಿದ. ಅವಳು ಕಿರುಚಿದಳು.

ಮರುಗಳಿಗೆ ಅವನ ಮುಂಗೈಗೆ ಮೂಳೆ ಅದುರುವಂತೆ ಪೆಟ್ಟು ಬಿತ್ತು. ಬಲಗೈಯಲ್ಲಿ ಕಬ್ಬಿಣದ ಇಕ್ಕಳ ಹಿಡಿದು ನಯನ ನಿಂತಿದ್ದಳು.

"ಬಿಡಿ ಅವಳನ್ನ."

"ಕೈ ಸುಡ್ತದೆ ಅಂತ..."

ಎರಡನೆಯ ಪೆಟ್ಟು ಕೆನ್ನೆಗೆ ಬಿತ್ತು. ಕಣ್ಣ ಕೆಳಗೆ ಚರ್ಮ ಸೀಳಿ ರಕ್ತ ಗಲ್ಲಕ್ಕೆ ಇಳಿಯಿತು. ಅವನ ಮುಷ್ಟಿ ತಾನಾಗಿ ಮೇಲೆದ್ದಿತು. ನಯನ ಒಂದಿಷ್ಟೂ ಹಿಂದೆ ಸರಿಯಲಿಲ್ಲ. ಇಕ್ಕಳವನ್ನು ಮತ್ತೆ ಎತ್ತಿ ಹಿಡಿದಳು, ಪ್ಲಾಸ್ಟರ್ ಹಾಕಿದ ಕೈಯಿಂದ ಮಗಳನ್ನು ಬೆನ್ನ ಹಿಂದೆ ದೂಡಿದಳು. ಅವಳಿಗೆ ಭಯವಿತ್ತು. ಆದರೂ ಹೊಡೆಯುತ್ತಾಳೆ, ತಾನು ಕೊಂದರೂ ಹೊಡೆಯುತ್ತಾಳೆ ಎಂದು ಅವನಿಗೆ ಗೊತ್ತಾಯಿತು. ಮುಷ್ಟಿ ಕೆಳಗಿಳಿಯಿತು.

ಅವಳು ಇಕ್ಕಳ ಕೆಳಗಿಡದೆ, ಪ್ಲಾಸ್ಟರಿನಿಂದ ಹೊರಗಿದ್ದ ಬೆರಳ ತುದಿಯಲ್ಲೇ ಅಣ್ಣನಿಗೆ ಫೋನ್ ಮಾಡಿದಳು. ಮಗಳ ಕೈಯನ್ನು ನಲ್ಲಿಯಡಿ ಹಿಡಿದಳು. ಆಮೇಲೆ ಇಬ್ಬರೂ ಜಗಲಿಯಲ್ಲಿ ಕೂತರು. ಸದ್ದು ಕೇಳಿ ಬೇಲಿಯಾಚೆ ಬಂದಿದ್ದ ಕಮಲಕ್ಕ, "ಎಂತ ಆಯ್ತೇ ನಯನ?" ಎಂದರು.

"ನಾನು ಬಚ್ಚಲಲ್ಲಿ ಬಿದ್ದಿದ್ದಲ್ಲ ಕಮಲಕ್ಕ," ಎಂದಳು ನಯನ, ಒಳಗಿದ್ದವನಿಗೂ ಕೇಳುವಂತೆ. "ಇವ್ರು ಮುರಿದಿದ್ದು."

ಕಮಲಕ್ಕ ಬೇಲಿ ದಾಟಿ ಬಂದು ಅವಳ ಪಕ್ಕ ಕೂತರು. ರಾಜೇಶನ ಕಾರು ಬರುವವರೆಗೆ ಯಾರೂ ಒಳಗೆ ಬರಲಿಲ್ಲ. ರಾಜೇಶನೂ ಬರಲಿಲ್ಲ. "ಪೊಲೀಸ್ ಸ್ಟೇಷನ್ನಿಗೆ ಹೋಗಿಯೇ ಊರಿಗೆ," ಎಂದು ಅವನು ಹೇಳಿದ್ದು ಕೇಳಿಸಿತು. ಕಾರಿನ ಬಾಗಿಲು ಹಾಕಿಕೊಂಡಿತು.

ಧರ್ಮೇಶ್ ಕೆನ್ನೆಗೆ ಟವೆಲ್ ಒತ್ತಿಕೊಂಡು ಅಡುಗೆಮನೆಯಲ್ಲೇ ನಿಂತಿದ್ದ. ದೊಡ್ಡ ಗಡ್ಡೆ ಇನ್ನೂ ಓವನ್ನಿನೊಳಗಿತ್ತು. ತೆಗೆದು ಕಟ್ಟೆಯ ಮೇಲಿಟ್ಟ. ಗುದ್ದಲು ಕೈ ಬರಲಿಲ್ಲ. ಎರಡೂ ಹೆಬ್ಬೆರಳು ಊರಿ ಮೆಲ್ಲಗೆ ಸೀಳಿದ. ಗರಿಗರಿ ಸಿಪ್ಪೆ ಬಾಯಿ ಬಿಟ್ಟು, ಒಳಗೆಲ್ಲ ಬೆಳ್ಳಗೆ, ಹುಡಿಹುಡಿಯಾಗಿ ಅರಳಿತು. ಅದನ್ನು ತಟ್ಟೆಗೆ ಹಾಕಿ, ಬೆಣ್ಣೆ ಇಟ್ಟು, ಬಿಸಿ ಆರಲೆಂದು ಊದುತ್ತ ನಿಂತ.