ಅಮ್ಮಾವ್ರಿಗೆ ಸೂಜಿ, ಅವಳಿಗೆ ಮಾತ್ರೆ

"ಬೆಳಬೆಳಗ್ಗೆನೇ ಏರಿಸ್ಕೊಂಡು ಬಂದಿದೀಯೇನೇ, ಲೌಡಿ?"

ಲಾಂಡ್ರಿ ಯಜಮಾನ ಕಿರುಚಿದ. ಇಸ್ತ್ರಿಯವಳು ಮೇಜಿನಿಂದ ನೀರಿನ ಬಕೆಟ್ಟಿನವರೆಗೆ ಹೋಗುವಷ್ಟರಲ್ಲಿ ಓಲಾಡಿ, ಮಡಚಿಟ್ಟಿದ್ದ ಬಿಳಿ ಹಾಸುಗಳ ಮೇಲೆ ಬಿದ್ದಿದ್ದಳು.

"ಕುಡಿದಿಲ್ಲ ಸ್ವಾಮಿ. ಕಾಲು ನೆಲಕ್ಕೆ ತಾಗಿದ್ದೇ ಗೊತ್ತಾಗಲ್ಲ."

"ಮೂತಿಗೆರಡು ಬಿಟ್ರೆ ಎಲ್ಲಾ ಗೊತ್ತಾಗತ್ತೆ. ಇನ್ನೊಂದ್ಸಲ ಬಿದ್ಯೋ, ನಾಳೆಯಿಂದ ಬರ್ಬೇಡ."

ಬೀಳದೆ ಇರುವುದು ಅವಳ ಕೈಯಲ್ಲಿತ್ತೇ? ಕರುಳು ಕೊಳೆತು ದೊಡ್ಡಾಸ್ಪತ್ರೆಯಲ್ಲಿ ಒಂದು ಮೊಳ ಕತ್ತರಿಸಿ ಎಸೆದಿದ್ದರು. ಸೂಜಿಗೆ ತಪ್ಪದೆ ಬಾ ಎಂದಿದ್ದರು. ರಜೆ ಕೇಳಿದರೆ ಈ ಪುಣ್ಯಾತ್ಮ, "ಹೋದೋಳು ಅಲ್ಲೇ ಇದ್ಬಿಡು" ಅಂದಿದ್ದ. ಸೂಜಿ ತಪ್ಪುತ್ತಲೇ ಹೋಯಿತು. ಜೋಮು ಪಾದದಿಂದ ಮೊಣಕಾಲಿಗೇರಿತು, ಬೆರಳಿಗೂ ಬಂತು. ಇಸ್ತ್ರಿಪೆಟ್ಟಿಗೆ ಕಾದಿದೆಯೇ ಎಂದು ಒದ್ದೆ ಬೆರಳಲ್ಲಿ ತಟ್ಟಿ ನೋಡುವುದು ಈ ಕಸುಬಿನವರ ರೂಢಿ. ಅವಳು ತಟ್ಟುತ್ತಿದ್ದಳು, ಚುಯ್ ಎನ್ನುವುದು ಕೇಳಿಸುತ್ತಿತ್ತು, ಬಿಸಿ ಮಾತ್ರ ತಿಳಿಯುತ್ತಿರಲಿಲ್ಲ. ಬೆರಳ ತುದಿಗಳೆಲ್ಲ ಬೊಬ್ಬೆ.

ಅದಕ್ಕಿಂತ ಹೆಚ್ಚು ಸುಡುತ್ತಿದ್ದದ್ದು ಹೊಟ್ಟೆಕಿಚ್ಚು. ಮಾಳಿಗೆಯಲ್ಲಿ ಯಜಮಾನನ ತಾಯಿ ಓಡಾಡುವ ಸದ್ದು ಕೇಳಿದರೆ ಸಾಕು, ಅದು ನೆತ್ತಿಗೇರುತ್ತಿತ್ತು. ಮುದುಕಿಗೂ ಹೊಟ್ಟೆ ಆಪರೇಷನ್ ಆಗಿತ್ತು. ಅವಳೂ ಹೀಗೇ ಗೋಡೆ ಹಿಡಿದು ನಡೆದವಳು, ಹೆತ್ತ ಮಗನ ಹೆಸರಿಗೇ ತಡಕಾಡಿದವಳು. ಈಗ ನೋಡಿದರೆ ದಡದಡ ಮೆಟ್ಟಿಲಿಳಿದು ಬಂದು, ಹಾಸಿನ ಮಡಿಕೆ ಸೊಟ್ಟ ಎಂದು ಬೈಯುತ್ತಾಳೆ! ಹಾಳಾದವಳು ಎಡವಿ ಬೀಳಬಾರದೇ ಎಂದು ಇವಳು ಮನಸ್ಸಿನಲ್ಲೇ ಶಪಿಸುತ್ತಿದ್ದಳು.

ಅದೇ ಮುದುಕಿ ಒಮ್ಮೆ ಅರ್ಧ ಖಾಲಿಯಾದ ಮಾತ್ರೆ ಡಬ್ಬಿ ಕೊಟ್ಟಿದ್ದಳು. "ತಗೋಳೇ, ನರಕ್ಕೆ ಒಳ್ಳೇದು." ಇವಳು ಕೈಮುಗಿದು ನುಂಗಿದ್ದೇ ನುಂಗಿದ್ದು.

ಇವಳು ಹಾಸುಗಳ ಮೇಲೆ ಬಿದ್ದ ಆ ಬೆಳಗ್ಗೆಯೇ ಮುದುಕಿಗೆ ಸೂಜಿ ಹಾಕಲು ಬಂದ ನರ್ಸು, ಇಸ್ತ್ರಿ ಮೇಜಿನ ಮೇಲೆ ಆ ಡಬ್ಬಿ ಕಂಡು ನಿಂತಳು.

"ಇದು ನಿನ್ ಹತ್ರ ಹೇಗ್ ಬಂತಕ್ಕ? ಅಮ್ಮಾವ್ರ ಮೈಗೆ ಹತ್ತಲಿಲ್ಲ ಅಂತ ಡಾಕ್ಟ್ರು ನಿಲ್ಸಿದ್ರಲ್ಲ!"

ಅಮ್ಮಾವ್ರೇ ಕೊಟ್ಟಿದ್ದು ಎಂದು ಇವಳು ಸೆರಗು ಸರಿಸಿ ಹೊಟ್ಟೆಯ ಹೊಲಿಗೆ ತೋರಿಸಿದಳು, ಕರುಳು ಕತ್ತರಿಸಿದ್ದನ್ನೂ ಕಾಲಿನ ಜೋಮನ್ನೂ ಹೇಳಿದಳು.

"ಅಯ್ಯೋ! ಹಾಗಾದ್ರೆ ನಿನಗೂ ಸೂಜೀನೇ ಬೇಕು. ಈ ಮಾತ್ರೇಲಿರೋ ವಿಟಮಿನ್ನನ್ನ ನಿನ್ ಕರುಳು ಹೀರ್ಕೊಳಲ್ಲ. ತಡ ಆದ್ರೆ ಕಾಲು ವಾಪಸ್ ಬರಲ್ಲಕ್ಕ."

"ಮಾತ್ರೆ ಹತ್ತಲ್ಲ ಅಂತ ಅಮ್ಮಾವ್ರಿಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಅವ್ರ ಮುಂದೇನೇ ಹೇಳಿದ್ದು."

ನರ್ಸು ಮೇಲೆ ಹೋದಳು. ಇಸ್ತ್ರಿಯವಳು ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು, ಮೆಟ್ಟಿಲುಗಳನ್ನು ಕೈಯೂರಿ ಅಂಬೆಗಾಲಲ್ಲಿ ಹತ್ತಿದಳು. ಮುದುಕಿ ಸೋಫಾದಲ್ಲಿ ತೋಳು ಚಾಚಿಕೊಂಡು ಕೂತಿದ್ದಳು. ಇವಳು ಅವಳಿಗೆ ಒತ್ತಿಕೊಂಡೇ ಕೂತು ರವಿಕೆ ತೋಳು ಮೇಲೇರಿಸಿ ತಾನೂ ಚಾಚಿದಳು.

"ಇವತ್ತಿಂದು ನನಗೆ ಹಾಕವ್ವ."

"ಎದ್ದೇಳೇ ಮುಂಡೆ! ಎಲ್ಲಿ ಕೂತಿದೀಯ ಗ್ಯಾನ ಇದೆಯಾ?" ಮುದುಕಿ ಚೀರಿದಳು.

ಯಜಮಾನ ಓಡಿ ಬಂದ. ರಟ್ಟೆ ಹಿಡಿದು ಎಳೆದ, ಅವಳು ಇನ್ನೊಂದು ಕೈಯಲ್ಲಿ ಹಿಡಿದ ಸೋಫಾದ ಅಂಚು ಬಿಡಲಿಲ್ಲ. ಬೂಟುಗಾಲಲ್ಲಿ ಅವಳ ಬರಿಗಾಲನ್ನು ತುಳಿದ. ಕಿರುಬೆರಳು ಲಟಕ್ಕೆಂದದ್ದು ಎಲ್ಲರಿಗೂ ಕೇಳಿಸಿತು. ಉಗುರಿನಿಂದ ರಕ್ತ ಬಂತು.

ಅವಳು ಬಗ್ಗಿ ತನ್ನ ಕಾಲು ನೋಡಿಕೊಂಡಳು. ಆಮೇಲೆ ಅವನ ಮುಖ ನೋಡಿ ನಕ್ಕುಬಿಟ್ಟಳು.

"ತುಳಿ ಸ್ವಾಮಿ, ಇನ್ನೂ ಜೋರಾಗ್ ತುಳಿ. ನಾನು ಅಯ್ಯೋ ಅಂದ್ರೆ ಆಗ ಎದ್ದೋಗ್ತೀನಿ."

ಚಾಚಿದ ತೋಳು ಹಾಗೇ ಇತ್ತು.

"ನೀನ್ಯಾಕೆ ನಿಂತೆ ನರ್ಸಮ್ಮ? ಚುಚ್ಚು."