ಕೊಯ್ಯದೆ ನಿಂತ ವಿಲ್ಲೋ

"ತಲೆ ಕಡೆ ಎತ್ತಿ ಹಿಡೀರೋ, ಲೆಟ್ಟಿ ಎದ್ದು ಬೈದಾಳು!" ಎಂದು ಪಕ್ಕದ ತೋಟದ ಮುದುಕ ಜೇಬೆಜ್ ಕೂಗಿದ. ಆರು ಜನ ಮೊಣಕಾಲುದ್ದ ನೀರಿನಲ್ಲಿ ನಿಂತು ಶವಪೆಟ್ಟಿಗೆಯನ್ನು ಕುದುರೆಗಾಡಿಯ ಮೇಲೆ ಜಾರಿಸಿದರು. ಮಗಳು ಓಲಿವ್ ತನ್ನಮ್ಮ ಲೆಟ್ಟಿಯ ಪೆಟ್ಟಿಗೆಗೆ ತಾನೇ ಹಗ್ಗ ಬಿಗಿದಳು.

ಸಾಮರ್‌ಸೆಟ್‌ನ ಆ ತಗ್ಗು ಬಯಲೆಲ್ಲ ಚಳಿಗಾಲದ ನೆರೆಗೆ ಒಂದೇ ನೀರಾಗಿತ್ತು. ಆಚೆ ದಿಬ್ಬದ ಮೇಲಿನ ಚರ್ಚಿನ ಅಂಗಳದಲ್ಲಿ ಅಪ್ಪನ ಸಮಾಧಿಯ ಪಕ್ಕ ಗುಂಡಿ ತೋಡಿಯಾಗಿತ್ತು. ಅಲ್ಲಿಗೆ ಹೋಗುವ ಗಾಡಿದಾರಿ ಮಾತ್ರ ಮುಳುಗಿತ್ತು. ಅದರ ಎರಡೂ ಬದಿಗೆ ಆಳು ಮುಳುಗುವಷ್ಟು ಆಳದ ಕಾಲುವೆ.

"ಪಟ್ಟಣದ ಸ್ಮಶಾನಕ್ಕೇ ಒಯ್ಯೋಣ ಕಣೆ, ಅಲ್ಲಿಗೆ ಟಾರು ರಸ್ತೆ ಇದೆ," ಅಂದ ಅವಳ ತಮ್ಮ ವಾಲ್ಟರ್.

"ಗುರುತಿಲ್ಲದವರ ನಡುವೆ ಮಲಗಿಸ್ತೀಯಾ? ಅಮ್ಮ ಅಪ್ಪನ ಹತ್ರಾನೇ ಹೋಗ್ತಾಳೆ."

ಕಾಲುವೆಗಳ ಆಚೆ, ದಾರಿಯ ಎರಡೂ ಕಡೆ, ಅಮ್ಮನ ವಿಲ್ಲೋ ತೋಟ ಆಳೆತ್ತರ ನಿಂತಿತ್ತು. ಬುಟ್ಟಿ ಹೆಣೆಯುವ ಈ ವಿಲ್ಲೋ ಕಡ್ಡಿಯನ್ನು ವರ್ಷವರ್ಷವೂ ಎಲೆ ಉದುರಿದ ಮೇಲೆ ಬುಡಸಮ ಕೊಯ್ಯಬೇಕು. ಊರಿನವರೆಲ್ಲ ನೀರು ಏರುವ ಮೊದಲೇ ಕೊಯ್ದು ಮುಗಿಸಿದ್ದರು. ಓಲಿವ್ ಮಾತ್ರ ಕಾಯಿಲೆ ಬಿದ್ದ ಅಮ್ಮನ ಪಕ್ಕ ಬಿಟ್ಟು ಏಳಲಿಲ್ಲ. ಸಾವಿಗೆ ಬಂದವರು ಆ ತೋಟ ಕಂಡು ಮುಖ ತಿರುಗಿಸಿದ್ದನ್ನು ಅವಳು ಬೆಳಗ್ಗೆಯಿಂದ ನುಂಗಿಕೊಂಡಿದ್ದಳು.

ಗಾಡಿ ಹೊರಟಿತು. ಜೇಬೆಜ್ ಕಡಿವಾಣ ಹಿಡಿದು ಮುಂದೆ ನಡೆದ. ದಾರಿ ತಿರುಗುವ ಕಡೆ ಕುದುರೆಯ ಮುಂಗಾಲು ಜಾರಿತು. ಗಾಡಿ ವಾಲಿತು. ಆರೂ ಜನ ಹೆಗಲು ಕೊಟ್ಟು ನಿಲ್ಲಿಸಿದರು. ಎದುರಿಗೆ ವಿಲ್ಲೋಗಳ ನಡುವೆ ಎರಡು ಸಂದು ಕಾಣುತ್ತಿದ್ದವು. ಒಂದು ನೇರ, ಅಗಲ. ಇನ್ನೊಂದು ಬಲಕ್ಕೆ, ಇಕ್ಕಟ್ಟು.

"ಯಾವುದು ದಾರಿ, ಯಾವುದು ಕಾಲುವೆ, ನನ್ನಪ್ಪನಾಣೆ ಗೊತ್ತಾಗ್ತಿಲ್ಲ," ಅಂದ ಜೇಬೆಜ್. "ವಾಪಸ್ ಹೋಗೋಣ ತಾಯಿ."

*

ಆಗ ಓಲಿವ್‌ಗೆ ಹತ್ತು ವರ್ಷ ಇರಬೇಕು. ಅಮ್ಮ ಬಗ್ಗಿ ತುಂಡು ಕಡ್ಡಿಗಳನ್ನು ನೆಲಕ್ಕೆ ಚುಚ್ಚುತ್ತಿದ್ದಳು, ಇವಳು ಹಿಂದಿನಿಂದ ಎತ್ತಿಕೊಡುತ್ತಿದ್ದಳು. ಊರಿಗೆ ಊರೇ ಕಪ್ಪು ತೊಗಟೆಯ ಒಂದೇ ಜಾತಿ ಬೆಳೆಯುತ್ತಿತ್ತು. ಅಮ್ಮ ಮಾತ್ರ ಎಲ್ಲೆಲ್ಲಿಂದಲೋ ಬೇಡಿ ತಂದು ಹಳದಿ, ಕೆಂಪು, ನೇರಳೆ ಎಲ್ಲ ನೆಟ್ಟಳು.

"ಇದೇನು ಬೆರಕೆ ತೋಟ ಲೆಟ್ಟಿ! ಯಾವ ವ್ಯಾಪಾರಿ ಮೂಸಿ ನೋಡ್ತಾನೆ?" ಎಂದು ಜೇಬೆಜ್ ಬೇಲಿಯಾಚೆಯಿಂದ ನಕ್ಕ.

"ಹೆಣೆಯೋ ಕೈ ನಂದು. ನಿನ್ನ ವ್ಯಾಪಾರೀದಲ್ಲ," ಅಂದಳು ಅಮ್ಮ, ತಲೆ ಎತ್ತದೆ. ಮತ್ತೆ ಮಗಳಿಗೆ, "ಹಳದಿಗೆ ಕಾಲು ಸದಾ ನೆನೆದಿರಬೇಕು ಮಗಾ. ಕಾಲುವೆ ಅಂಚಿನ ಸಾಲಿಗೆಲ್ಲ ಅದೇ ಇರಲಿ. ನೇರಳೆಗೆ ನೀರಾಗಲ್ಲ, ಅದನ್ನ ಒಳಗೆ ನೆಡು."

*

ಓಲಿವ್ ಲಂಗ ಎತ್ತಿ ಕಟ್ಟಿಕೊಂಡು ನೀರಿಗಿಳಿದಳು. ನೇರ ಸಂದಿನ ಎರಡೂ ಕಡೆ ನೇರಳೆ ಕಡ್ಡಿಗಳು. ಬಲಗಡೆಯ ಇಕ್ಕಟ್ಟಿಗೆ ಎಡಬಲ ಎರಡರಲ್ಲೂ ಹಳದಿ ಗೆರೆ, ಬಿಸಿಲಿಲ್ಲದ ದಿನದಲ್ಲೂ ಬೆಣ್ಣೆಯ ಹಾಗೆ.

"ಜೇಬೆಜ್, ಕಡಿವಾಣ ಇಲ್ಲಿ ಕೊಡು."

"ಹುಚ್ಚೇನೇ ನಿನಗೆ? ಅಗಲವಾಗಿರೋದು ಬಿಟ್ಟು—"

"ಅಗಲ ಇರೋದು ತೋಟದೊಳಗಿನ ಸಂದು. ಅದರ ಬಾಯಿಗೇ ಕಾಲುವೆ ಅಡ್ಡ ಇದೆ. ಹಳದಿ ಇರೋದು ಕಾಲುವೆ ದಡ. ಎರಡು ಹಳದಿ ನಡುವೆ ದಾರಿ."

ಅವಳು ಕುದುರೆಯ ಕಿವಿಯಲ್ಲಿ ಏನೋ ಅಂದು ಬಲಕ್ಕೆ ಎಳೆದಳು. ಕಾಲಡಿ ಜಲ್ಲಿ ಗಟ್ಟಿಯಾಗಿ ಸಿಕ್ಕಿತು. ಎರಡನೆಯ ಹೆಜ್ಜೆಗೂ ಸಿಕ್ಕಿತು. ಹಿಂದಿನಿಂದ ಯಾರೋ ಸಿಳ್ಳೆ ಹಾಕಿದರು, ಸಾವೆಂಬುದನ್ನೇ ಮರೆತು.

ದಿಬ್ಬ ಹತ್ತಿ ಜೇಬೆಜ್ ಹಿಂತಿರುಗಿ ನೋಡಿದ. ಕೊಯ್ದ ತೋಟಗಳಿದ್ದ ಕಡೆ ಬರೀ ಬಿಳಿ ನೀರು. ಅವನದೂ ಅಲ್ಲೇ ಎಲ್ಲೋ.

"ಇದನ್ನೂ ಕೊಯ್ದಿದ್ದಿದ್ರೆ ಇವತ್ತು ನಮಗೆಲ್ಲ ಪೆಟ್ಟಿಗೆ ಬೇಕಾಗ್ತಿತ್ತು," ಅಂದ. ಕುಂಟುತ್ತ ಬಂದು ಟೋಪಿ ತೆಗೆದು ಪೆಟ್ಟಿಗೆಗೆ ತಲೆಬಾಗಿದ. "ನೀನೇ ಗೆದ್ದೆ ಕಣೆ ಲೆಟ್ಟಿ ಮಾರಾಯ್ತಿ."

ಚರ್ಚಿನ ಬಾಗಿಲಲ್ಲಿ ವಾಲ್ಟರ್ ಬೂಟು ಬಿಚ್ಚಲು ಬಗ್ಗಿದ. "ಹಾಗೇ ಬನ್ನಿ, ಹಾಗೇ ಬನ್ನಿ!" ಅಂದರು ಪಾದ್ರಿ.

ಆರು ಜನ ಪೆಟ್ಟಿಗೆ ಹೊತ್ತು ಒಳನಡೆದರು. ಓಲಿವ್ ಲಂಗ ಇಳಿಬಿಡದೆಯೇ ಮುಂದೆ ನಡೆದಳು. ಹೆಜ್ಜೆಹೆಜ್ಜೆಗೂ ಬೂಟುಗಳು ಪಚಪಚ ಎಂದು ನೀರು ಕಾರಿದವು. ಮೇಣದ ಬತ್ತಿಯ ಬೆಳಕಿನಲ್ಲಿ ಬಾಗಿಲಿಂದ ಪೀಠದವರೆಗೆ ಹೊಸದೊಂದು ಒದ್ದೆ ದಾರಿ ಹೊಳೆಯಿತು. ಹಾಡು ಎಷ್ಟು ಜೋರಾಗಿ ಎದ್ದಿತೆಂದರೆ ಮಾಡಿನ ಪಾರಿವಾಳಗಳೆಲ್ಲ ಹಾರಿ ನೀರಿನ ಮೇಲೆ ಸುತ್ತತೊಡಗಿದವು.