ಕೋಣ ಮತ್ತು ಕಿನ್ನರಿ

ಕಾರು ಮಾಡುವವರು ಅಮೆರಿಕದವರು, ಜರ್ಮನಿಯವರು ಮಾಡುವುದು ಗಡಿಯಾರ, ಗಡಿಯಾರದೊಳಗೆ ಯಾರಾದರೂ ಕೂತು ಸವಾರಿ ಹೊರಡುತ್ತಾರೆಯೇ ಎಂಬುದು ಗುಡುಗಪ್ಪನ ವಾದ. ಗುಡುಗಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಅವನ ಗಂಟಲು ಕೇಳಿ ಬೀದಿಯವರು ಇಟ್ಟದ್ದು. ಅವನ ಗ್ಯಾರೇಜಿಗೆ ಬರುವುದು ಹಳೆಯ ಕಾರುಗಳು ಮಾತ್ರ. ಜೊತೆಗೆ ದುಡಿಯುವವನು ಹೆಂಡತಿಯ ತಮ್ಮ. ಅವನದು ಜರ್ಮನಿ ಪಕ್ಷ.

“ನಿಮ್ಮದು ನೆಟ್ಟಗೆ ಓಡುತ್ತೆ ಭಾವ, ಒಪ್ಕೊಂಡೆ. ತಿರುವು ಬಂದ್ರೆ? ಇಳಿದು ಎತ್ತಿ ತಿರುಗಿಸ್ಬೇಕಾ?”

“ತಿರುವು ಇರೋ ದಾರೀಲಿ ಹೋಗೋ ದರಿದ್ರ ನಿಂಗ್ಯಾಕೆ ಬಂತು?”

“ಒಂದು ಬೋಲ್ಟ್ ಜಾಸ್ತಿ ಬಿಗಿ ಆದ್ರೂ ತಡ್ಕೊಳ್ಳುತ್ತೆ, ಕಡಿಮೆ ಆದ್ರೂ ತಡ್ಕೊಳ್ಳುತ್ತೆ. ಅದಕ್ಕೆ ನಿಮಗದು ಇಷ್ಟ.”

“ನಿಮ್ಮಕ್ಕನೂ ಹಾಗೇ ನನ್ನ ತಡ್ಕೊಂಡಿರೋದು. ಗಟ್ಟಿ ಮಾಲು ಅಂದ್ರೆ ಅದು.”

ಊರಿನ ಹಲ್ಲಿನ ಡಾಕ್ಟರ ಹತ್ತಿರ ಎರಡೂ ಜಾತಿಯವು ಒಂದೊಂದು ಇದ್ದವು. ಅಮೆರಿಕದ್ದು ಉದ್ದ ಮೂತಿಯದು. ಎಂಟು ಸಿಲಿಂಡರಿನ ಕಬ್ಬಿಣದ ಎಂಜಿನ್ ನಿಂತಲ್ಲೇ ತಿರುಗಿದರೂ ಇಡೀ ಮೈ ಎಡಕ್ಕೂ ಬಲಕ್ಕೂ ತೂಗುತ್ತಿತ್ತು. ಜರ್ಮನಿಯದು ಕುಳ್ಳಗೆ, ಎಂಜಿನ್ ಬೆನ್ನ ಹಿಂದೆ, ವೇಗ ಏರಿದಷ್ಟೂ ಸದ್ದು ಸಣ್ಣಗಾಗುತ್ತ ಮೇಲೇರುತ್ತಿತ್ತು. ಭಾಮೈದ ಮೊದಲನೆಯದಕ್ಕೆ ಕೋಣ ಎಂದೂ ಎರಡನೆಯದಕ್ಕೆ ಕಿನ್ನರಿ ಎಂದೂ ಹೆಸರಿಟ್ಟಿದ್ದ. ಕಿನ್ನರಿಯ ಸದ್ದಿಗೆ ಭಾವ ಮೂಗು ಮುರಿದಾಗಲೆಲ್ಲ, “ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು” ಎನ್ನುತ್ತಿದ್ದ. ಊಟದ ಡಬ್ಬಿ ತಂದ ಅಕ್ಕ, “ಕೋಣ ಯಾವುದೋ, ಕಾರೋ ನಿಮ್ಮ ಭಾವನೋ?” ಎಂದರೆ, “ಅದನ್ನ ನೀನೇ ಹೇಳ್ಬೇಕಕ್ಕ” ಎನ್ನುತ್ತಿದ್ದ.

ಗುಡುಗಪ್ಪ ಮೀಟರು ಮುಟ್ಟುವವನಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗಿಟ್ಟು, ಹಿಡಿಯನ್ನು ಕಿವಿಗೊತ್ತಿಕೊಂಡು ರೋಗ ಹೇಳುತ್ತಿದ್ದ. “ಮುಳ್ಳು ನೋಡಿ ಎಂಜಿನ್ ತಿಳ್ಕೊಳ್ಳೋದು ಅಂದ್ರೆ, ಹೆಂಡ್ತಿ ಎದುರಿಗೆ ಕೂತಿರುವಾಗ ಅವಳ ಫೋಟೊ ನೋಡಿದ ಹಾಗೆ” ಎಂಬುದು ಅವನ ಮಾತು. ಜನ ದೂರದಿಂದ ಕಾರು ತರುತ್ತಿದ್ದುದು ಆ ಕಿವಿಯನ್ನು ನಂಬಿ.

ಆ ಕಿವಿ ಈಗ ಹೋಗುತ್ತಿತ್ತು. ಮೊದಲು ಹೋದದ್ದು ಒಲೆಯ ಮೇಲಿನ ಕುಕ್ಕರಿನ ಸೀಟಿ. ಆಮೇಲೆ ಫೋನಿನ ಗಂಟೆ. ಆಮೇಲೆ ವಾಲ್ವುಗಳ ಟಿಕಟಿಕ. ದಪ್ಪ ಸದ್ದುಗಳು ಮಾತ್ರ ಉಳಿದಿದ್ದವು. ಕೋಣನ ಬಡಿತಕ್ಕೆ ಕಿವಿಯೇ ಬೇಕಿರಲಿಲ್ಲ, ಪಕ್ಕೆಲುಬಿಗೇ ತಾಗುತ್ತಿತ್ತು. ಕಿನ್ನರಿಯ ರಾಗ ಪೂರಾ ಕಾಣೆಯಾಗಿತ್ತು. ಅವನು ಯಾರಿಗೂ ಹೇಳಲಿಲ್ಲ. “ಸತ್ತಿದೆಯೋ ಬದುಕಿದೆಯೋ ತಿಳಿಯಲ್ಲ, ಇದೂ ಒಂದು ಎಂಜಿನ್ನಾ?” ಎಂದು ಜರ್ಮನಿಯನ್ನು ಇನ್ನಷ್ಟು ಆಡಿಕೊಂಡ. ಜನ ನಕ್ಕರು, ಗುಟ್ಟು ಗುಟ್ಟಾಗಿಯೇ ಉಳಿಯಿತು. ಗುಡುಗಪ್ಪನ ಕಿವಿ ಸತ್ತಿತೆಂದು ಸುದ್ದಿ ಹಬ್ಬಿದರೆ ಅವನ ಕೈಗೆ ಕೀಲಿ ಕೊಡುವವರು ಯಾರು? ಬೇರೆ ಕೆಲಸ ಅವನಿಗೆ ಬರುತ್ತಿರಲಿಲ್ಲ.

ಡಾಕ್ಟರು ಸಣ್ಣ ಮನೆಗೆ ಹೋಗುವವರಿದ್ದರು. ಅಲ್ಲಿ ಒಂದೇ ಕಾರಿಗೆ ಜಾಗ. ಎರಡನ್ನೂ ಕೊನೆಯ ಸಲ ಕೇಳಿ, ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಮಾರಲು ಒಂದು ಬೆಳಿಗ್ಗೆ ಗ್ಯಾರೇಜಿಗೆ ಬಂದರು. ಕಾರುಗಳು ಮೊದಲೇ ಅಲ್ಲಿದ್ದವು, ಹಿಂದಿನ ಸಂಜೆ ಗುಡುಗಪ್ಪ ತಾನೇ ಕೋಣನ ಶ್ರುತಿ ಕೂರಿಸಿದ್ದ.

ಕೋಣ ಚಾಲೂ ಆಯಿತು. ಡಾಕ್ಟರು ಕಣ್ಣು ಮುಚ್ಚಿ ನಿಂತರು. “ಒಂದು ಏಟೂ ತಪ್ಪಿಲ್ಲ. ಕೈಗುಣ ಅಂದ್ರೆ ಇದಪ್ಪ.”

“ಕೈಯಲ್ಲ ಡಾಕ್ಟ್ರೇ, ಕಿವಿ” ಎಂದ ಗುಡುಗಪ್ಪ. ಎದೆ ಉಬ್ಬಿತ್ತು. ಕೋಣನ ಎಂಜಿನ್ ನಿಲ್ಲಿಸಿ, “ಬನ್ನಿ, ಆ ಗಡಿಯಾರಕ್ಕೂ ಕೀಲಿ ಕೊಟ್ಟು ತೋರಿಸ್ತೀನಿ” ಎಂದು ಕಿನ್ನರಿಯೊಳಗೆ ಕೂತ.

“ಭಾವ, ಅದನ್ನ ನಾನು...” ಎಂದು ಭಾಮೈದ ಮುಂದೆ ಬಂದ.

“ನೀನು ಸುಮ್ನಿರು.”

ಕೀಲಿ ತಿರುಗಿಸಿದ. ಕಾದ. ಏನೂ ಇಲ್ಲ. ಮತ್ತೆ ತಿರುಗಿಸಿದ. ಕೈಗೆ ಏನೋ ಕರಕರ ತಾಕಿತು. ಬ್ಯಾಟರಿ ಸೋತಿರಬೇಕು ಎಂದುಕೊಂಡು ಇನ್ನೂ ಒತ್ತಿ ಹಿಡಿದ. ಡಾಕ್ಟರು ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡದ್ದು ಗಾಜಿನಾಚೆ ಕಂಡಿತು. ಎದುರಿನ ಟೈರ್ ಅಂಗಡಿಯವನು ಎದ್ದು ನಿಂತಿದ್ದ. ಭಾಮೈದ ಕಿಟಕಿಯೊಳಗೆ ಕೈ ಹಾಕಿ ಅವನ ಮಣಿಕಟ್ಟು ಹಿಡಿದ.

ಆಗ ಗುಡುಗಪ್ಪ ಎಂಜಿನ್ನಿನ ಸುತ್ತು ತೋರಿಸುವ ಮೀಟರು ನೋಡಿದ. ಜರ್ಮನಿಯವರು ಅದನ್ನು ಚಾಲಕನ ಮೂಗಿನ ನೇರಕ್ಕೇ, ತಟ್ಟೆಯಷ್ಟು ದೊಡ್ಡದಾಗಿ ಇಟ್ಟಿದ್ದರು. ಮುಳ್ಳು ಮೇಲೆದ್ದು ನಿಂತಿತ್ತು. ಎಂಜಿನ್ ಮೊದಲ ಸಲಕ್ಕೇ ಚಾಲೂ ಆಗಿತ್ತು. ತಿರುಗುತ್ತಿದ್ದ ಎಂಜಿನ್ ಚಕ್ರದ ಹಲ್ಲಿಗೆ ಅವನು ಸ್ಟಾರ್ಟರಿನ ಹಲ್ಲನ್ನು ತಾಗಿಸಿ ಅರೆಯುತ್ತಿದ್ದ. ಕಾರು ಕಲಿಯಲು ಬಂದ ಹುಡುಗರೂ ಒಮ್ಮೆ ಮಾಡಿ, ಆ ಕಿರುಚಾಟಕ್ಕೆ ಹೆದರಿ, ಮತ್ತೆ ಮಾಡದ ತಪ್ಪು.

ಡಾಕ್ಟರು ಅವನನ್ನು ಕೇಳಲಿಲ್ಲ. ಭಾಮೈದನ ಕಡೆ ತಿರುಗಿ, “ಯಾವಾಗಿಂದ?” ಎಂದರು.

“ಎರಡು ವರ್ಷ ಆಯ್ತೇನೋ.”

ತುಟಿ ನೋಡಿ ಗುಡುಗಪ್ಪನಿಗೆ ಅರ್ಥವಾಯಿತು. ಒಂದೇ ವರ್ಷ ಎಂದು ತಾನು ಅಂದುಕೊಂಡಿದ್ದ.

“ಮತ್ತೆ ಕೋಣನ ಕೆಲಸ?” ಎಂದರು ಡಾಕ್ಟರು.

ಭಾಮೈದ ನೆಲ ನೋಡಿದ. “ನಿನ್ನೆ ಭಾವ ಮನೆಗೆ ಹೋದ್ಮೇಲೆ ಮೀಟರ್ ಇಟ್ಟು ಮತ್ತೆ ಮಾಡ್ದೆ.”

“ಏನಂದ?” ಎಂದು ಗುಡುಗಪ್ಪ ಕೇಳಿದ. ಡಾಕ್ಟರು ಬಗ್ಗಿ, ಬೀದಿಗೆಲ್ಲ ಕೇಳುವ ಹಾಗೆ ಅದನ್ನೇ ಹೇಳಿದರು.

“ನಿನ್ನೆ ಮಾತ್ರಾನಾ?” ಎಂದ ಗುಡುಗಪ್ಪ. ಭಾಮೈದ ಕೈಯ ಬಟ್ಟೆಯನ್ನು ಮಡಿಸಿದ, ಬಿಡಿಸಿದ, ಮತ್ತೆ ಮಡಿಸಿದ.

ಕೋಣ ಕಿನ್ನರಿಯ ಗಾದೆಯನ್ನು ಇವನ ಬಾಯಲ್ಲಿ ಕೊನೆಗೆ ಕೇಳಿದ್ದು ಯಾವಾಗ ಎಂದು ಗುಡುಗಪ್ಪ ನೆನಪಿಸಿಕೊಂಡ. ಬಹಳ ದಿನವಾಗಿತ್ತು. ಮಾತಿಗೆ ಮಾತು ತೋಚದೆ ಸೋತಿದ್ದಾನೆ ಎಂದು ಇಷ್ಟು ದಿನ ಒಳಗೊಳಗೇ ಮೀಸೆ ತಿರುವಿದ್ದ.

ಡಾಕ್ಟರು ಕೋಣನನ್ನೇ ಇಟ್ಟುಕೊಂಡರು. ಸ್ಟಾರ್ಟರ್ ರಿಪೇರಿಯಾದ ಮೇಲೆ ಕಿನ್ನರಿಯನ್ನು ಮಾರುವುದು ಎಂದಾಯಿತು. “ನೀವೇ ಗೆದ್ರಿ” ಎಂದು ಗುಡುಗಪ್ಪನ ಭುಜ ತಟ್ಟಿ ಜೋರಾಗಿ ಹೇಳಿದರು. ಆಮೇಲೆ ಕಿನ್ನರಿಯ ಕೀಲಿಯನ್ನು ಭಾಮೈದನ ಕೈಗೆ ಕೊಟ್ಟು, “ಇನ್ಮೇಲೆ ನೀನೇ ನೋಡ್ಕೊ” ಎಂದರು. ಅದನ್ನು ಜೋರಾಗಿ ಹೇಳಲಿಲ್ಲ. ಟೈರ್ ಅಂಗಡಿಯವನು ರಸ್ತೆ ದಾಟಿ ಬಂದು ಅವರ ಜೊತೆ ಮಾತಾಡುತ್ತ ಕೋಣನವರೆಗೂ ಹೋದ. ಸಂಜೆಯೊಳಗೆ ಬೀದಿಗೆಲ್ಲ ತಿಳಿಯುತ್ತದೆ.

ಭಾಮೈದ ಕಿನ್ನರಿಯ ಕೆಳಗೆ ನುಸುಳಿ ಸ್ಟಾರ್ಟರ್ ಬಿಚ್ಚತೊಡಗಿದ. ಗುಡುಗಪ್ಪ ಒರೆಸಿದ ಸ್ಪ್ಯಾನರುಗಳನ್ನೇ ಮತ್ತೆ ಒರೆಸುತ್ತ ಕೂತ.

“ಅಮೆರಿಕದ್ದು ಬರೀ ಕಬ್ಬಿಣದ ಗಡ್ಡೆ ಕಣೋ” ಎಂದ. “ತಿರುವಲ್ಲಿ ನಿಜವಾದ ಕೋಣಾನೇ ವಾಸಿ.”

ಕಾರಿನ ಕೆಳಗಿನ ಕಾಲುಗಳು ಇನ್ನಷ್ಟು ಒಳಗೆ ಸರಿದವು.

“ಎಂಜಿನ್ ಅಂದ್ರೆ ಜರ್ಮನಿಯವರದು. ಏನೋ, ಕೇಳಿಸ್ತಾ?”

ಉತ್ತರ ಬಂತೋ ಇಲ್ಲವೋ ತಿಳಿಯಲಿಲ್ಲ.

“ಅನ್ನೋ ಒಂದ್ಸಲ. ಕೋಣನ ಮುಂದೆ...”

ಭಾಮೈದ ಹೊರಗೆ ಬಂದ. ಕೈ ಒರೆಸಿಕೊಂಡು ಗುಡುಗಪ್ಪನ ಎದುರಿಗೆ ಕುಕ್ಕರಗಾಲಲ್ಲಿ ಕೂತು, ಮಗುವಿಗೆ ಹೇಳುವ ಹಾಗೆ ಒಂದೊಂದು ಮಾತಿಗೂ ಬಾಯಿ ಅಗಲವಾಗಿ ತೆರೆದು ಹೇಳಿದ.

“ನೀವು ಹೇಳಿದ್ದೇ ಸರಿ, ಭಾವ.”

ಅದು ಮಾತ್ರ ಗುಡುಗಪ್ಪನಿಗೆ ಚೆನ್ನಾಗಿಯೇ ಕೇಳಿಸಿತು.